ಅಪ್ಪ ಫೇಲ್ ಮಾಡಿದ ಆ್ಯಪ್‌ಗಳು

ಹೋದ ತಿಂಗಳು ಯಾದಗಿರಿಯ ನಮ್ಮ ಮನೆ ಮುಂದೆ ಒಂದು ಪರೀಕ್ಷೆ ನಡೆಯಿತು. ಪರೀಕ್ಷೆ ಬರೆದದ್ದು ನಾಲ್ಕು ಮೊಬೈಲ್ ಆ್ಯಪ್‌ಗಳು. ಪೇಪರ್ ತಿದ್ದಿದ್ದು ನಮ್ಮಪ್ಪ. ಮೂರು ಫೇಲಾದವು, ಒಂದು ಪಾಸಾಯಿತು. ಪಾಸಾದದ್ದನ್ನು ನಂಬಿ ನಾವು ಕಾರಿನಲ್ಲಿ ಭೀಮಾ ನದಿಯ ಸೇತುವೆ ತನಕ ಹೋದೆವು. ಅದರಾಚೆ ಕಾರು ತಾನಾಗಿ ಹೋಗಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನಮ್ಮದೊಂದು ಹಳೆಯ ಕಾರಿದೆ. (ಸೆಕೆಂಡ್ ಹ್ಯಾಂಡ್. ಇದನ್ನು ಬೀಗರ ಮುಂದೆ ಬಾಯಿ ಬಿಡಬಾರದು ಅಂತ ಹೆಂಡತಿಯ ಕಟ್ಟಪ್ಪಣೆ. ಓದುಗರ ಮುಂದೆ ನಡೆಯುತ್ತದೆ.) ಒಂದು ಬೆಳಿಗ್ಗೆ ಅದರ ಸ್ಟೇರಿಂಗ್ ಹಿಂದೆ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಮತ್ತೆ ಹೊತ್ತಿತು. ಯಾಕೆ ಅಂತ ಅದು ಹೇಳುವುದಿಲ್ಲ. ಮುನಿಸಿಕೊಂಡ ಅಳಿಯನ ಹಾಗೆ, ಏನು ಕಮ್ಮಿಯಾಗಿದೆ ಅಂತ ನಾವೇ ಕಂಡುಹಿಡಿಯಬೇಕು.

ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಕಷ್ಟ ತೋಡಿಕೊಂಡೆ. 'ಅದಕ್ಕೂ ಆ್ಯಪ್ ಅದ ಸರ್' ಅಂದರು ಒಬ್ಬರು. ಬೆರಳುದ್ದದ ಒಂದು ಡಾಂಗಲ್ ತರಿಸಿ, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಬ್ಲೂಟೂತ್ ಹಾಕಿದರೆ ಕಾರು ತನ್ನ ಕಷ್ಟಸುಖವನ್ನೆಲ್ಲ ಮೊಬೈಲಿಗೆ ಹೇಳುತ್ತದಂತೆ. ತರಿಸಿದೆ. ಚುಚ್ಚಿದೆ. ತಲೆನೋವು ಶುರುವಾದದ್ದು ಆಮೇಲೆ. ಯಾವ ಆ್ಯಪ್?

ಹುಡುಕಿದರೆ ಸಂತೆಯೇ ನೆರೆದಿದೆ. ಒಂದಕ್ಕೆ ವರ್ಷದ ಚಂದಾ ಬೇಕು. ಒಂದು ಫ್ರೀ, ಆದರೆ ಬಾನೆಟ್ಟಿನ ಸುದ್ದಿ ಹೇಳುವ ಮೊದಲು ಸೋಪಿನ ಜಾಹೀರಾತು ತೋರಿಸುತ್ತದೆ. ಇನ್ನೊಂದಕ್ಕೆ ನನ್ನ ಫೋಟೊಗಳನ್ನೆಲ್ಲ ನೋಡಲು ಪರ್ಮಿಷನ್ ಕೊಡಬೇಕು. (ಕಾರಿನ ಹೊಗೆಗೂ ನನ್ನ ಮದುವೆ ಫೋಟೊಗೂ ಏನು ಸಂಬಂಧ?) ರಿವ್ಯೂ ಓದೋಣವೆಂದರೆ, ಒಬ್ಬ ಐದು ಸ್ಟಾರ್ ಕೊಟ್ಟು ಹೊಗಳಿದ್ದನ್ನೇ ಇನ್ನೊಬ್ಬ ಬಾಯಿಗೆ ಬಂದಂತೆ ಬೈದಿದ್ದಾನೆ. ಗುರುತಿಲ್ಲದವರ ಸ್ಟಾರ್ ಎಣಿಸಿ ಆರಿಸುವುದು ಹೇಗೆ?

ಆಗ ಹೊಳೆಯಿತು. ಮನೆಯಲ್ಲೇ ಅಪ್ಪ ಇದ್ದಾನಲ್ಲ.

ನಮ್ಮಪ್ಪ ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿ ಸ್ಟೇಷನ್ನಿಗೆ ಪ್ಯಾಸೆಂಜರ್ ಜೀಪ್ ಓಡಿಸಿದವನು. ಮುಂಬೈ ರೈಲು ಹಿಡಿಯುವವರು, ಕೋರ್ಟಿಗೆ ಹೊರಟವರು, ತವರಿಗೆ ಹೊರಟ ಬಸುರಿಯರು, ಕಾಲು ಕಟ್ಟಿದ ಕೋಳಿಗಳು, ಎಲ್ಲರೂ ಅದೇ ಜೀಪಿನಲ್ಲಿ. ಶಾಲೆಗೆ ರಜೆಯಿದ್ದಾಗ ನಾನೂ ಗೇರಿನ ಪಕ್ಕದಲ್ಲಿ ಅರ್ಧ ಕುಂಡಿ ಊರಿ ಹೋಗುತ್ತಿದ್ದೆ. ಒಳಗೆ ಕಿವಿ ತೂತು ಬೀಳುವಷ್ಟು ಮಾತು. ಹತ್ತಿಗೂಡೂರು ದಾಟುವಾಗಲೋ, ಶಹಾಪುರ ಬಿಡುವಾಗಲೋ, ಇಂಜಿನ್ನಿನ ಸಪ್ಪಳ ಸ್ವಲ್ಪ ಬದಲಾಯಿತು ಅನ್ನಿಸಿದರೆ ಅಪ್ಪ ಹಿಂದೆ ತಿರುಗದೆ ಒಂದೇ ಮಾತು ಹೇಳುತ್ತಿದ್ದ.

'ಜರಾ ಸುಮ್ಮ ಕುಂದರ್ರಿ.'

ಇಡೀ ಜೀಪು ಸುಮ್ಮನಾಗುತ್ತಿತ್ತು. ಗೌಡರು ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗುತ್ತಿದ್ದರು. ತಾಯಂದಿರು ಅಳುವ ಕೂಸನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ರೈಲು ತಪ್ಪೀತು ಅಂತ ಕೂಗಾಡುತ್ತಿದ್ದವರೂ ಬಾಯಿ ಮುಚ್ಚುತ್ತಿದ್ದರು. ಅಪ್ಪ ಇಳಿದು, ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಇಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಡಾಕ್ಟರು ಎದೆ ನೋಡಿದ ಹಾಗೆ. ಆಮೇಲೆ ಬಂದು ಕೂತು, 'ಎರಡನೇ ಸಿಲಿಂಡರ್ ಕೆಮ್ಮಾಕತ್ತದ. ಸ್ಟೇಷನ್ ತನಕ ಮುಟ್ಟತದ' ಅನ್ನುತ್ತಿದ್ದ. ಮುಟ್ಟುತ್ತಿತ್ತು.

ರಸ್ತೆಯ ಎರಡೂ ಕಡೆ ಜೋಳದ ಹೊಲ, ನಡುವೆ ನಿಂತ ಜೀಪು, ಅದರ ತುಂಬ ಜನ ನಮ್ಮಪ್ಪನಿಗಾಗಿ ಉಸಿರು ಹಿಡಿದು ಕೂತಿದ್ದಾರೆ. ಆಗ ನನಗಾಗುತ್ತಿದ್ದ ಹೆಮ್ಮೆ ಮುಂದೆ ನನಗೇ ಚಪ್ಪಾಳೆ ಬಿದ್ದಾಗಲೂ ಆಗಿಲ್ಲ.

ಹಾಗಾಗಿ ನನ್ನ ಲೆಕ್ಕ ಸರಳವಾಗಿತ್ತು. ಯಾವ ಆ್ಯಪಿನ ಉತ್ತರ ಅಪ್ಪನ ಉತ್ತರಕ್ಕೆ ತಾಳೆಯಾಗುತ್ತದೋ ಅದೇ ಸರಿಯಾದ ಆ್ಯಪ್. ಸ್ಟಾರೂ ಬೇಡ, ರಿವ್ಯೂನೂ ಬೇಡ.

ಭಾನುವಾರ ಬೆಳಿಗ್ಗೆ ಕಾರು ಚಾಲೂ ಮಾಡಿದೆ. ಮೊದಲನೇ ಆ್ಯಪ್ 'ಮೂರನೇ ಸಿಲಿಂಡರ್ ಮಿಸ್‌ಫೈರ್' ಅಂದಿತು, ಅಂದರೆ ಅಲ್ಲಿ ಕಿಡಿ ಸರಿಯಾಗಿ ಹೊತ್ತುತ್ತಿಲ್ಲ. ಬಾನೆಟ್ ಎತ್ತಿ ಅಪ್ಪನನ್ನು ಕೂಗಿದೆ. ಅಂಗಳದಲ್ಲೇ ಕೂತಿದ್ದವನು ನಾನು ಕೈಬೀಸಿದ ಮೇಲೆ ಎದ್ದ. ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದ. ಧೋತರದ ಚುಂಗಿನಿಂದ ಒರೆಸಿ, ಇಂಜಿನ್ನಿಗೆ ಇಟ್ಟು, ಕಿವಿಗೆ ಒತ್ತಿಕೊಂಡ. ಮೊದಲಿಗಿಂತ ಜಾಸ್ತಿ ಹೊತ್ತೇ ಕಣ್ಣು ಮುಚ್ಚಿದ.

'ಬರಾಬರ್ ಅದ.'

'ಮೂರನೇದು ಮಿಸ್ ಆಗಾಕತ್ತದಂತ ಅಪ್ಪಾ,' ಅಂತ ಮೊಬೈಲ್ ತೋರಿಸಿದೆ.

'ಮೊಬೈಲಿಗೇನು ಗೊತ್ತದ? ಒಗಿ ಅತ್ಲಾಗ.'

ಒಗೆದೆ. ಅನ್‌ಇನ್‌ಸ್ಟಾಲ್. ಎರಡನೆಯದೂ ಮೂರನೇ ಸಿಲಿಂಡರನ್ನೇ ದೂರಿತು. ಅದನ್ನೂ ಒಗೆದೆ. ಮೂರನೆಯದು ಕೆಂಪು ಗ್ರಾಫ್ ಎಳೆದು ಅದನ್ನೇ ಹೇಳಿತು. ಅದೂ ಹೋಯಿತು. ನಾಲ್ಕನೆಯದು, ಅಂದರೆ ಸೋಪಿನ ಜಾಹೀರಾತಿನದು, ಪರದೆ ತುಂಬ ಹಸಿರು ತೋರಿಸಿ 'ಯಾವ ದೋಷವೂ ಇಲ್ಲ' ಅಂದಿತು.

'ಇದಕ್ಕ ಬುದ್ಧಿ ಅದ ನೋಡು,' ಅಂದ ಅಪ್ಪ. ಮುಖ ಅರಳಿತ್ತು. ನಾನು ಅಲ್ಲೇ ನಿಂತು ಅದಕ್ಕೆ ಐದು ಸ್ಟಾರ್ ಕೊಟ್ಟೆ.

'ದೀಪ ಇನ್ನಾ ಹತ್ತೇ ಅದಲ್ರಿ?' ಅಂದಳು ಬಾಗಿಲಲ್ಲಿದ್ದ ಹೆಂಡತಿ.

'ದೀಪನ ಕೆಟ್ಟಿರಬೇಕು,' ಅಂದೆ. (ನಾನು ವಿಜ್ಞಾನದ ಮೇಷ್ಟ್ರು. ದಯವಿಟ್ಟು ನಗಬೇಡಿ.)

ಆ ವಾರವೇ ಸುರಪುರದಲ್ಲಿ ತಂಗಿಯ ಹೊಸ ಮನೆಯ ಗೃಹಪ್ರವೇಶ. ಹೆಂಡತಿ ಕೆಲಸಕ್ಕೆ ಕೈ ಹಚ್ಚಲು ಹಿಂದಿನ ದಿನವೇ ಬಸ್ಸಿಗೆ ಹೋಗಿದ್ದಳು. ಕಾರಿನಲ್ಲಿ ನಾನು, ಅಪ್ಪ ಇಬ್ಬರೇ. ಭೀಮಾ ಸೇತುವೆಯ ನಟ್ಟನಡುವೆ ಕಾರು ಜಗ್ಗಿತು, ನಡುಗಿತು, ನಿಂತೇಬಿಟ್ಟಿತು. ಹಿಂದೆ ಬರುತ್ತಿದ್ದ ಟಿಪ್ಪರ್ ಹಾರ್ನ್ ಹೊಡೆದ ರಭಸಕ್ಕೆ ನಾನು ಸೀಟಿನಲ್ಲೇ ಹಾರಿಬಿದ್ದೆ.

ಅಪ್ಪ ಕಿಟಕಿಯಿಂದ ಹೊಳೆ ನೋಡುತ್ತಿದ್ದ. 'ನೀರು ಕಮ್ಮಿ ಆಗ್ಯಾವ,' ಅಂದ. ಆಮೇಲೆ ನನ್ನ ಕಡೆ ತಿರುಗಿದ.

'ಯಾಕ ನಿಲ್ಲಿಸ್ದಿ?'

ನಾನು ನಿಲ್ಲಿಸಿರಲಿಲ್ಲ. ಇಂಜಿನ್ ಬಂದ್ ಬಿದ್ದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಬೆನ್ನ ಹಿಂದೆಯೇ ಅರಚುತ್ತಿದ್ದ ಆ ಹಾರ್ನೂ ಕೇಳಿರಲಿಲ್ಲ. 'ಗಾಡಿ ಬಂದ್ ಬಿದ್ದದ ಅಪ್ಪಾ' ಅಂದೆ. 'ಹಾಂ?' ಅಂದ. ಕೂಗಿ ಹೇಳಬೇಕಾಯಿತು.

ಎದುರಿನ ಬಸ್ಸಿನವರು ಇಳಿದು ಬಂದರು. ನಮ್ಮ ಕಡೆಯ ಜನ ಮೊದಲು ಬೈಯುತ್ತಾರೆ, ಆಮೇಲೆ ತಾವೇ ದೂಡುತ್ತಾರೆ. ಕಾರನ್ನು ಸೇತುವೆ ದಾಟಿಸಿ ಒಂದು ಬೇವಿನ ಗಿಡದ ನೆರಳಿಗೆ ಹಚ್ಚಿ ಹೋದರು. ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕಾಯುತ್ತ, ಆ ಹಸಿರು ಆ್ಯಪನ್ನು ಮತ್ತೆ ತೆರೆದೆ. ನಿಂತುಹೋದ ಕಾರಿಗೂ ಅದು 'ಯಾವ ದೋಷವೂ ಇಲ್ಲ' ಅಂತಲೇ ಹೇಳುತ್ತಿತ್ತು. ಪರದೆಯ ಬುಡದಲ್ಲಿ ಇರುವೆಯಷ್ಟು ಸಣ್ಣಕ್ಷರ ಆಗ ಕಣ್ಣಿಗೆ ಬಿತ್ತು. ಡೆಮೊ. ಅದು ನಮ್ಮ ಕಾರಿಗೆ ಕನೆಕ್ಟ್ ಆಗಿಯೇ ಇರಲಿಲ್ಲ. ಇಷ್ಟು ದಿನ ಯಾವುದೋ ಇಲ್ಲದ ಕಾರಿನ ಆರೋಗ್ಯ ಹೇಳುತ್ತಿತ್ತು.

ಅಪ್ಪ ಮೊಬೈಲ್ ಇಸಿದುಕೊಂಡು ನೋಡಿದ. ನಾನು ಕಿವಿಯ ಹತ್ತಿರ ಬಾಗಿ ವಿವರಿಸಿದೆ.

'ಹಂಗಾರ ಮೊದಲಿನ ಮೂರು ಖರೇ ಹೇಳಿದ್ವು?'

'ಹೂಂ. ಅಪ್ಪಾ, ಎಂದಿನಿಂದ ಕೇಳಸ್ತಿಲ್ಲ ನಿನಗ?'

'ಉಗಾದಿ ಹಿಂದ ಮುಂದ.'

'ಮತ್ತ ಅವತ್ತ ಯಾಕ ಹೇಳ್ಲಿಲ್ಲ?'

ಅಪ್ಪ ಬೇವಿನ ಕಡ್ಡಿಯೊಂದನ್ನು ಮುರಿಯುತ್ತ ಕೂತ. 'ಬಾನೆಟ್ ಎತ್ತಿ ಅಪ್ಪಾ ಬಾ ಅಂತ ನೀ ಕರದು ಎಷ್ಟು ವರ್ಷ ಆಗಿತ್ತು. ಕೇಳಸಾಂಗಿಲ್ಲ ಅಂದಿದ್ರ ಮತ್ತ ಕರೀತಿದ್ದೇನು?'

ನಾನು ಅವತ್ತು ಆ್ಯಪ್ ಆರಿಸುತ್ತಿದ್ದೆ. ಅಪ್ಪನಿಗೆ ಅದು ಜೀಪು ನಿಲ್ಲಿಸಿ ಇಂಜಿನ್ ಕೇಳುತ್ತಿದ್ದ ಹಳೆಯ ರಸ್ತೆಯಾಗಿತ್ತು. ನಾನು ಕೈಬೀಸಿದ ಮೇಲೆ ಅವನು ಎದ್ದು ಬಂದದ್ದು, ಸ್ಕ್ರೂಡ್ರೈವರನ್ನು ಧೋತರದಿಂದ ಒರೆಸಿದ್ದು, ಅಷ್ಟು ಹೊತ್ತು ಕಣ್ಣು ಮುಚ್ಚಿ ನಿಂತದ್ದು ನೆನಪಾಗಿ ಸಂಕಟವಾಯಿತು. ಏನನ್ನು ಕೇಳಿಸಿಕೊಳ್ಳಲು ಒದ್ದಾಡುತ್ತಿದ್ದನೋ.

ಮೆಕ್ಯಾನಿಕ್ ಬಂದ, ಮೂರನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ ಬದಲಿಸಿದ. ಊಟದ ಹೊತ್ತಿಗೆ ತಂಗಿಯ ಮನೆ ಮುಟ್ಟಿದೆವು. ಮೊದಲನೇ ಆ್ಯಪನ್ನು ಮತ್ತೆ ಹಾಕಿಕೊಂಡಿದ್ದೇನೆ. (ಯಾವುದು ಚಲೋ ಅಂತ ಕೇಳುವವರಿಗೆ ನನ್ನ ಸಲಹೆ ಇಷ್ಟೇ: ನಿಮ್ಮ ಕಾರಿಗೆ ನಿಜವಾಗಿ ಕನೆಕ್ಟ್ ಆಗುವುದು ಚಲೋ. ಸ್ಟಾರ್ ಆಮೇಲೆ ನೋಡಿ.)

ಮೊನ್ನೆ ಅಪ್ಪನನ್ನು ಕಿವಿ ತೋರಿಸಲು ಕರೆದುಕೊಂಡು ಹೋದೆ. ಬರಲು ಒಲ್ಲೆ ಅಂದ, ಆಮೇಲೆ ಬಂದ. ಅಲ್ಲಿದ್ದ ಹುಡುಗಿ ಪುಟ್ಟ ಮಷಿನ್ನೊಂದನ್ನು ಅವನ ಕಿವಿಗೆ ಹಚ್ಚಿ, ತನ್ನ ಮೊಬೈಲಿನಲ್ಲಿ ಏನೇನೋ ಒತ್ತಿದಳು.

'ಇದಕ್ಕೂ ಆ್ಯಪ್ ಅದೇನು?' ಅಂದ ಅಪ್ಪ.

'ಹೌದ್ರಿ ಅಜ್ಜಾರ. ಭಾಳ ಚಲೋ ಮಷಿನ್ರಿ. ಗಾಡಿ ಸಪ್ಪಳ, ಇಂಜಿನ್ ಸಪ್ಪಳ ಎಲ್ಲಾ ತಾನ ಕಮ್ಮಿ ಮಾಡ್ತದ. ಮಂದಿ ಮಾತು ಅಷ್ಟ ಚಂದ ಕೇಳಸ್ತದ.'

ಈ ಸಲ ಅಪ್ಪನಿಗೆ ಎಲ್ಲ ಸ್ಪಷ್ಟವಾಗಿ ಕೇಳಿಸಿತ್ತು. ಅವನು ಆ ಮಷಿನ್ನನ್ನು ಮೆಲ್ಲಗೆ ಕಿವಿಯಿಂದ ತೆಗೆದು, ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದ.

'ಇದನ್ನ ಉಲ್ಟಾ ಮಾಡಾಕ ಬರತದೇನವ್ವಾ?'