ಕೆಂಪಮ್ಮ ನಮ್ಮ ದೇವರನ್ನು ಬೈದದ್ದು

ನನಗೆ ಬೈಯಲು ಬರುವುದಿಲ್ಲ. ಮೇಷ್ಟರಾದವನಿಗೆ ಇದೆಂಥ ಊನ ಎಂದು ನೀವು ನಗಬಹುದು. ಮಂಡ್ಯದಂಥ ಊರಿನಲ್ಲಂತೂ ಇದು ಊನವೇ ಸರಿ. ಇಲ್ಲಿಯ ಜನ ಪ್ರೀತಿಯಿದ್ದವರನ್ನೇ ಮೊದಲು ಬೈಯುವುದು. ಎತ್ತು, ಮಗ, ಅಳಿಯ, ಯಾರನ್ನೂ ಬಿಡುವುದಿಲ್ಲ. ಮಳೆ ತಡವಾದರೆ ಮಾರಮ್ಮನಿಗೂ ಪೂಜೆಯಾಗುತ್ತದೆ, ಬಾಯಲ್ಲಿ. ನಾನೋ ಮಿಷನ್ ಶಾಲೆಯಲ್ಲಿ ಬೆಳೆದ ಕ್ರೈಸ್ತ. ಪ್ರಾರ್ಥನೆಗೆ ಕೂತರೂ ಅಮಲ್ದಾರರಿಗೆ ಅರ್ಜಿ ಬರೆಯುವವನ ಹಾಗೆ 'ತಮ್ಮ ಚಿತ್ತವಿದ್ದರೆ' ಎಂದೇ ಶುರುಮಾಡುತ್ತೇನೆ.

ಸಾಲದ್ದಕ್ಕೆ, ದೇವರ ನ್ಯಾಯವನ್ನು ವಿವರಿಸುವ ಚಟ ಬೇರೆ. ಒಳ್ಳೆಯವರಿಗೇ ಏಕೆ ಕಷ್ಟ ಎಂದು ಯಾರಾದರೂ ಕೇಳಿಬಿಟ್ಟರೆ ಮುಗಿಯಿತು. ಚಿನ್ನವನ್ನು ಪುಟಕ್ಕಿಡುವ ಹಾಗೆ ದೇವರು ನಮ್ಮನ್ನು ಶೋಧಿಸುತ್ತಾನೆ, ತಪ್ಪಿದವರನ್ನು ತಿದ್ದುತ್ತಾನೆ, ಉಳಿದದ್ದಕ್ಕೆ ಪರಲೋಕದಲ್ಲಿ ಉತ್ತರ ಸಿಗುತ್ತದೆ ಎಂದು ಅರ್ಧ ಗಂಟೆ ಹೇಳುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು. ಪಾಪ, ಅವರಿಗೆ ಮನೆಗೆ ಹೋಗಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಹೊಸದಾಗಿ ನಾಲೆಯ ನೀರು ಬಂದು ಊರ ಸುತ್ತ ಭತ್ತ ಹಸಿರಾಯಿತಲ್ಲ, ಅದರ ಬೆನ್ನಿಗೇ ಸೊಳ್ಳೆಯೂ ಚಳಿಜ್ವರವೂ ಬಂದವು. ನಮ್ಮ ಎಂಟು ವರ್ಷದ ಸರಳ ಮಲಗಿದಳು. ಒಂಬತ್ತನೆಯ ದಿನ ಅವಳಿಗೆ ನನ್ನ ಗುರುತೂ ಸಿಗಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. 'ದೇವರ ಚಿತ್ತ' ಎಂದೆ. ಅವಳು ಮುಖ ತಿರುಗಿಸಿಕೊಂಡಳು.

ಅಷ್ಟರಲ್ಲಿ ಪಕ್ಕದ ಹಳ್ಳಿ ಹೊಳಲಿನಿಂದ ನಮ್ಮ ಮನೆಗೆ ಮೊಸರು ತರುವ ಕೆಂಪಮ್ಮ ಬಂದಳು. ಮಗುವಿನ ಹಣೆ ಮುಟ್ಟಿ ನೋಡಿ, ಎದ್ದು, ದೇವರ ಪಟಕ್ಕಾಗಿ ಗೋಡೆಯನ್ನೆಲ್ಲ ಹುಡುಕಿದಳು. ನಮ್ಮ ಮನೆಯಲ್ಲಿ ಪಟವೆಲ್ಲಿ ಬರಬೇಕು! ಗಾಜಿನ ಕಟ್ಟು ಹಾಕಿಸಿದ, ಬೈಬಲ್ಲಿನ ಒಂದು ವೇದವಾಕ್ಯವಿತ್ತು, ಅಷ್ಟೆ. ಓದು ಬಾರದ ಆಕೆ ಅದರ ಎದುರಿಗೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನಪ್ಪಾ ಏಸಪ್ಪ, ನಿನ್ ಕಣ್ಣೇನು ಇಂಗೋಗವಾ? ಈ ಮೇಷ್ಟ್ರು ಬಾಯ್ಬುಟ್ಟು ಕೇಳಾಕಿಲ್ಲ ಅಂತ ಸುಮ್ಕೆ ಕುಂತಿದ್ದೀಯಾ? ಕೂಸ್ನ ಎಬ್ಬುಸು."

ದೇವದೂಷಣೆಯಲ್ಲವೇ ಇದು! ಆದರೆ ಒಂಬತ್ತು ದಿನ ಹಲ್ಲು ಕಚ್ಚಿಕೊಂಡಿದ್ದ ನನ್ನ ಹೆಂಡತಿ ಆಕೆಯ ಹೆಗಲಿಗೆ ಒರಗಿ ಜೋರಾಗಿ ಅತ್ತಳು. ಆಮೇಲೆ ಕೂತು ಯೋಚಿಸಿದೆ. ನಮ್ಮ ವೇದದಲ್ಲಿಯೂ ದೇವರ ಮೇಲೆ ಜಗಳಕ್ಕೆ ಹೋದ ನೀತಿವಂತರಿದ್ದಾರೆ. ಅಂಥ ಒಬ್ಬನ ಕಥೆಯಲ್ಲಿ ದೇವರ ಪರವಾಗಿ ವಕಾಲತ್ತು ವಹಿಸಿದ ಸ್ನೇಹಿತರಿಗೇ ಕೊನೆಗೆ ದೇವರಿಂದ ಛೀಮಾರಿ ಬಿದ್ದದ್ದು. ಇಷ್ಟು ವರ್ಷ ಓದಿಯೂ ನಾನು ಆ ವಕೀಲರ ಸಾಲಿನಲ್ಲೇ ಕೂತಿದ್ದೆ.

ಸರಳ ಬದುಕಿದಳು. ಕ್ವಿನೈನೋ, ಪ್ರಾರ್ಥನೆಯೋ, ಬೈಗುಳವೋ, ವಿವರಿಸಲು ಹೋಗುವುದಿಲ್ಲ. ಆದರೆ ಮರುತಿಂಗಳೇ ಅದೇ ಜ್ವರ ಕೆಂಪಮ್ಮನ ಒಬ್ಬನೇ ಮಗ ನಿಂಗನನ್ನು ಕೊಂಡೊಯ್ದಿತು. ಮದುವೆ ಗೊತ್ತಾಗಿತ್ತು ಅವನಿಗೆ. ನನ್ನ ಮಗಳನ್ನು ಉಳಿಸಿ ಅವಳ ಮಗನನ್ನು ಎತ್ತಿಕೊಂಡ ಈ ನ್ಯಾಯವನ್ನು ಅವಳಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತಲೇ ಹೊಳಲಿಗೆ ನಡೆದೆ.

ಕೆಂಪಮ್ಮ ಜಗಲಿಯ ಮೇಲೆ ಕೂತಿದ್ದಳು. ಬೈಯುತ್ತಿರುತ್ತಾಳೆ ಎಂದುಕೊಂಡಿದ್ದೆ, ಅವಳಲ್ಲಿ ಅದಕ್ಕೂ ತ್ರಾಣವಿರಲಿಲ್ಲ. ಪಕ್ಕದಲ್ಲಿ ಕೂತೆ. ಜೋಡಿಸಿಕೊಂಡು ಬಂದ ಮಾತನ್ನೆಲ್ಲ ಅಲ್ಲೇ ಬಿಟ್ಟೆ. ಅವಳ ಪರವಾಗಿ ಯಾರಾದರೂ ಕೇಳಬೇಡವೇ? ಜನ್ಮದಲ್ಲಿ ಮೊದಲ ಸಲ ನನ್ನ ದೇವರನ್ನು ಬೈದೆ. ಅಭ್ಯಾಸವಿಲ್ಲದ ಬೈಗುಳ, ತೊದಲಿತು. ನಿನಗೆ ನ್ಯಾಯವಿಲ್ಲ, ಕರುಣೆಯಿಲ್ಲ, ಹೆತ್ತವರ ಸಂಕಟ ನಿನಗೇನು ಗೊತ್ತು ಎಂದು ಕೂಗಿ ಅತ್ತುಬಿಟ್ಟೆ.

ಕೆಂಪಮ್ಮ ನನ್ನ ತೋಳು ಹಿಡಿದುಕೊಂಡಳು.

"ಬುಡಿ ಮೇಷ್ಟ್ರೇ, ಅಂಗನ್ಬ್ಯಾಡಿ. ಅವ್ನೂ ಶಿಲುಬೇಲಿ ಮಗನ್ನ ಕಳ್ಕಂಡೋನೇ ಅಂತ ನಿಮ್ಮನೆ ಅಮ್ಮಾವ್ರು ಏಳವ್ರೆ. ಪಾಪ, ಅವ್ನಿಗೂ ಗೊತ್ತದೆ."