ಯಾಸ್ಮೀನಳ ಹೆರಿಗೆ ಗಾಡಿ

ತಿಕೋಟಾದಲ್ಲಿ ಯಾಸ್ಮೀನಳ ಬಿಳಿ ವ್ಯಾನಿಗೆ ಎಲ್ಲರೂ ಹೆರಿಗೆ ಗಾಡಿ ಎನ್ನುತ್ತಿದ್ದರು. ಬಸುರಿಯರನ್ನು ವಿಜಯಪುರದ ಆಸ್ಪತ್ರೆಗೆ ಮುಟ್ಟಿಸುವುದು, ಬಾಣಂತಿಯನ್ನೂ ಕೂಸನ್ನೂ ತಿರುಗಿ ಮನೆಗೆ ತರುವುದು, ಇದೇ ಅವಳ ಕೆಲಸ. ಗಂಡ ಯುನುಸ ಒಣದ್ರಾಕ್ಷಿಯ ಶೆಡ್ಡಿನಲ್ಲಿ ದುಡಿಯುತ್ತಾನೆ. ಅವನಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬಾರದು. ಯಾಸ್ಮೀನ ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಓಣಿಯ ಹುಡುಗಿಯೊಬ್ಬಳು ಆಸ್ಪತ್ರೆಯ ದಾರಿಯಲ್ಲೇ ಟ್ರ್ಯಾಕ್ಟರಿನಲ್ಲಿ ಹೆತ್ತಳು. ಕೂಸು ಉಳಿಯಲಿಲ್ಲ. ಅದನ್ನು ಕಂಡ ಮೇಲೆ ಯಾಸ್ಮೀನ ಹಟ ಹಿಡಿದು ಗಾಡಿ ಕಲಿತಳು.

ಊರು ಮತ್ತು ನಗರದ ನಡುವೆ ಪೊಲೀಸರ ಚೆಕ್‌ಪೋಸ್ಟ್ ಇದೆ. ಅಲ್ಲಿಯವರು ದೂರದಿಂದಲೇ ಅವಳ ವ್ಯಾನಿನ ಗುರುತು ಹಿಡಿದು ಅಡ್ಡಕೋಲು ಎತ್ತಿಬಿಡುತ್ತಿದ್ದರು. ಒಂದು ದಿನವೂ ನಿಲ್ಲಿಸಿದ್ದಿಲ್ಲ. ನೋವು ತಿನ್ನುತ್ತಿರುವ ಹೆಣ್ಣಿಗೆ ಆ ಕೋಲು ಏಳುವುದೆಂದರೆ ಏನೆಂದು ಯಾಸ್ಮೀನಳಿಗೆ ಗೊತ್ತಿತ್ತು. ನಿನ್ನ ಗಳಿಕೆ ಏನು ಎಂದು ಯಾರಾದರೂ ಕೇಳಿದ್ದರೆ ಅವಳು ಅದನ್ನೇ ತೋರಿಸುತ್ತಿದ್ದಳು.

ಆ ವ್ಯಾನು ಬಬಲೇಶ್ವರದ ಒಂದು ಮದುವೆ ಮಂಟಪದ ಮುಂದಿನಿಂದ ಕಳುವಾಯಿತು. ಮಳೆ ಹಿಡಿಯುವ ಹೊತ್ತಿಗೆ ಅರಕೇರಿ ಬದಿಯ ಜಾಲಿಯ ಮರೆಯಲ್ಲಿ ಸಿಕ್ಕಿತು. ಒಂದು ಬಾಗಿಲು ನಜ್ಜುಗುಜ್ಜಾಗಿತ್ತು, ಹಿಂದಿನ ಸೀಟನ್ನು ಕಿತ್ತು ಹಾಕಿದ್ದರು, ನೆಲದ ತಗಡಿನ ಮೇಲೆ ಏನೋ ಭಾರವಾದದ್ದನ್ನು ಎಳೆದ ಗೀರುಗಳಿದ್ದವು. ವಿಮೆ ಇದ್ದದ್ದು ಎದುರಿನವರ ನಷ್ಟಕ್ಕೆ ಮಾತ್ರ. ಕೋರ್ಟಿನಿಂದ ಬಿಡಿಸಿಕೊಂಡ ವ್ಯಾನನ್ನು ಅವಳು ಸೊಲ್ಲಾಪುರ ರಸ್ತೆಯ ಶ್ರೀಶೈಲನ ಗ್ಯಾರೇಜಿಗೆ ಎಳೆಸಿಕೊಂಡು ಹೋದಳು.

ಶ್ರೀಶೈಲ ಸುತ್ತು ಹಾಕಿ ನೋಡಿದ. "ಹೊಸಾ ಬಾಗಲಾ ಬ್ಯಾಡ್ರಿ ಅಕ್ಕಾ. ಗುಜರಿಯಾಗಿಂದು ಒಂದು ತರಸ್ತೇನಿ, ಬಣ್ಣಾ ಹೊಂದಸ್ತೇನಿ. ಟೈರೂ ಸೆಕೆಂಡ್ಸ್ ನಡೀತಾವ. ಬ್ರೇಕ್ ಮಾತ್ರ ಹೊಸಾದು ಹಾಕೂಣು, ಅದರಾಗ ಉಳಸಾಕ ಹೋಗಬಾರ್ದು." ಆಮೇಲೆ ಸ್ಟಿಯರಿಂಗಿನ ಕೆಳಗೆ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. "ಇಲ್ಲಿ ನೋಡ್ರಿ. ಒಂದು ವಾಯರ್ ಕೊಯ್ದಿಲ್ಲ, ಲಾಕ್ ಮುರದಿಲ್ಲ. ಚಾವಿ ಹಾಕೇ ಒಯ್ದಾರ."

"ಚಾವಿ ನನ್ನ ಹತ್ರ ಐತಲ್ಲ ಶ್ರೀಶೈಲಣ್ಣಾ."

"ನಿಮ್ಮದು ನಿಮ್ಮ ಹತ್ರ ಐತಿ. ಅವರದು ಅವರ ಹತ್ರ ಐತಿ."

ಯಾಸ್ಮೀನ ತನ್ನ ಚಾವಿಯನ್ನು ತೆಗೆದು ತಿರುಗಿಸಿ ನೋಡಿದಳು. ಶ್ರೀಶೈಲನೇ ಅಗ್ಗದ ದಾರಿ ಹೇಳಿದ. ಪೂರಾ ಲಾಕು ಬದಲಿಸುವುದು ಬೇಕಿಲ್ಲ. ಪೇಟೆಯಲ್ಲಿ ಸೈಫುದ್ದೀನ ಎಂಬ ಚಾವಿಯವನಿದ್ದಾನೆ, ಲಾಕು ಬಿಚ್ಚಿ ಒಳಗಿನ ಪಟ್ಟಿಗಳನ್ನು ಅದಲುಬದಲು ಮಾಡಿದರೆ ಹಳೆಯ ಚಾವಿ ತಿರುಗುವುದಿಲ್ಲ. "ಮೊದಲ ಅದು ಮಾಡಸ್ರಿ. ಸೀಟ್ ಆಮ್ಯಾಲ."

ಆದರೆ ಮನೆಯಲ್ಲಿ ಅತ್ತೆ ಹುಸೇನಬಿ ಬೇರೆಯೇ ಹೇಳಿದಳು. "ಕಳ್ಳರು ಹೊರಳಾಡಿದ ಜಾಗಾದಾಗ ಹಸೀ ಕೂಸಿನ್ನ ಹೆಂಗ ಮಲಗಸ್ತಿ ಬೇ? ಮಂದಿ ಮೊದಲ ಅದನ್ನ ಕೇಳ್ತಾರ. ಲಾಕ್ ಯಾರ ನೋಡ್ತಾರ?"

ಮಾತು ಸುಳ್ಳಾಗಿರಲಿಲ್ಲ. ಓಣಿಯ ಹೆಂಗಸರು ಆಗಲೇ ಕೇಳತೊಡಗಿದ್ದರು. ಬ್ರೇಕು, ಬಾಗಿಲಿಗೆ ಕೊಟ್ಟು ಕೈಯಲ್ಲಿ ಉಳಿದದ್ದನ್ನೆಲ್ಲ ಯಾಸ್ಮೀನ ಸೀಟಿಗೆ ಹಾಕಿದಳು. ಹೊಸ ಸ್ಪಂಜು, ಹೊಸ ಹಸಿರು ರೆಕ್ಸಿನ್. ಬಾಣಂತಿಯ ಕೋಣೆಗೆ ಹಾಕುವ ಹಾಗೆ ಹುಸೇನಬಿ ವ್ಯಾನಿನ ತುಂಬ ಲೋಬಾನದ ಹೊಗೆ ಹಾಕಿ, ದುವಾ ಓದಿ ಊದಿದಳು. ಹೆಂಗಸರು ಬಂದು ಸೀಟು ಒತ್ತಿ ನೋಡಿ ಒಪ್ಪಿಕೊಂಡರು. ಲಾಕು ಮುಂದಿನ ವಾರಕ್ಕೆ ಹೋಯಿತು. ಆ ವಾರ ಎರಡು ಹೆರಿಗೆ ಬಂದವು, ಮತ್ತೆ ಮುಂದಕ್ಕೆ ಹೋಯಿತು.

ಅವರ ಓಣಿ ಇಕ್ಕಟ್ಟು. ವ್ಯಾನು ನಿಲ್ಲುತ್ತಿದ್ದದ್ದು ಆಚೆ ಖಬರಸ್ತಾನದ ಗೋಡೆಯ ಪಕ್ಕದ ಬಯಲಿನಲ್ಲಿ. ಒಂದು ಬೆಳಿಗ್ಗೆ ಅವಳು ಏರಿ ಕೂತರೆ ಕಾಲು ಬ್ರೇಕಿಗೆ ಮುಟ್ಟಲಿಲ್ಲ. ಡ್ರೈವರ್ ಸೀಟು ಹಿಂದೆ ಸರಿದಿತ್ತು.

ಮನೆಗೆ ಬಂದು ಯುನುಸನನ್ನು ಕೇಳಿದಳು. ಅವನು ಚಹಾ ಕುಡಿಯುತ್ತಲೇ ನಕ್ಕ. "ಸೈಕಲ್ ಮ್ಯಾಲಿಂದ ಬೀಳಾಂವ ನಾ. ನಿನ್ನ ವ್ಯಾನ್ ಹೊಡೀತೇನಿ ಏನ್? ಹೊಡದಿದ್ರ ಈ ಹೊತ್ತಿಗೆ ಖಬರಸ್ತಾನದ ಗ್ವಾಡಿ ಒಳಗ ಇರ್ತಿದ್ನಿ."

ಅವಳಿಗೆ ನಗು ಬರಲಿಲ್ಲ. ನಾಲ್ಕಾರು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಈ ಸಲ ಎಣ್ಣೆಯೂ ಇಳಿದಿತ್ತು, ಹಸಿರು ರೆಕ್ಸಿನ್ನಿನ ಮೇಲೆ ಭಾರ ಇಟ್ಟು ತೆಗೆದ ಮಡಿಕೆಗಳಿದ್ದವು. ಉಳಿದದ್ದೆಲ್ಲ ಅಚ್ಚುಕಟ್ಟು. ಯಾರೋ ಒಯ್ಯುತ್ತಾರೆ, ಬೆಳಗಾಗುವುದರೊಳಗೆ ತಂದು ಅದೇ ಜಾಗದಲ್ಲಿ ನಿಲ್ಲಿಸುತ್ತಾರೆ. ಕದ್ದವರು ಮರಳಿಸುವುದೇಕೆ? ಪೂರಾ ಕದ್ದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ನಾಳೆ ಆ ಸೀಟಿನ ಮೇಲೆ ಯಾವ ತಾಯಿ ಮಗಳನ್ನು ಕೂರಿಸಿಯಾಳು? ಸೋಮವಾರ ಬರುತ್ತೇನೆಂದು ಸೈಫುದ್ದೀನನಿಗೆ ಫೋನ್ ಮಾಡಿದಳು.

ರವಿವಾರ ನಸುಕಿನ ಫಜರ್ ನಮಾಜಿನ ಚಾಪೆ ಮಡಚುತ್ತಿರುವಾಗ ಅದೇ ಊರಿನ ಆನಂದೀಬಾಯಿಯ ಫೋನ್ ಬಂತು. ಸೊಸೆ ಸಂಪದಾಳಿಗೆ ನೋವು ಎದ್ದಿತ್ತು. ಯಾಸ್ಮೀನ ಓಡಿದಳು. ಸೀಟು ಹಿಂದಿತ್ತು. ಮುಂದೆ ಎಳೆದುಕೊಂಡು ಬಿಸ್ಮಿಲ್ಲಾ ಎಂದಳು. ಎಂಜಿನ್ ಇನ್ನೂ ಬೆಚ್ಚಗಿತ್ತು, ಒಂದೇ ಹೊಡೆತಕ್ಕೆ ಹತ್ತಿತು. ಅತ್ತೆ ಸೊಸೆಯನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡು ಹೊರಟಳು.

ಚೆಕ್‌ಪೋಸ್ಟಿನಲ್ಲಿ ರಾತ್ರಿ ಪಾಳಿಯ ಪೇದೆ ರಾಮಲಿಂಗ ಇನ್ನೂ ಇದ್ದ. ವ್ಯಾನು ಕಂಡದ್ದೇ ಹಗ್ಗಕ್ಕೆ ಕೈ ಹಾಕಿ ನಕ್ಕ. "ಏನ್ರಿ ಅಕ್ಕಾ, ತಿಕೋಟಾದ ಮಂದಿ ಎಲ್ಲಾ ಒಮ್ಮೆಲೆ ಹಡ್ಯಾಕತ್ತಾರೇನು? ರಾತ್ರಿ ಈಗರೇ ಹೋಗಿದ್ರಿ. ಮೊನ್ನಿನೂ ಹೋದ್ರಿ. ಕೈ ಮಾಡಿದ್ರ ಸುದ್ದಾ ತಿರುಗಿ ನೋಡ್ಲಿಲ್ಲ. ನೋವು ಜೋರಿದ್ದೀತು ಅಂತ ನಾನೂ ಗಪ್ಪನ ಕೋಲ ಎತ್ತಿದ್ನಿ."

ಯಾಸ್ಮೀನಳಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಕಳ್ಳರಿಗೆ ಬೇಕಾಗಿದ್ದದ್ದು ವ್ಯಾನಲ್ಲ. ಕೇಳದೆ ಏಳುವ ಈ ಕೋಲು ಬೇಕಾಗಿತ್ತು. ಹೇಳಿದರೆ ಇನ್ನು ಇದು ಹೀಗೆ ಏಳುವುದಿಲ್ಲ. ಹೇಳದಿದ್ದರೆ ಇವತ್ತು ರಾತ್ರಿಯೂ ಏಳುತ್ತದೆ, ವ್ಯಾನು ಏನು ತುಂಬಿಕೊಂಡು ಹೋಗುತ್ತದೆಂದು ದೇವರೇ ಬಲ್ಲ, ಅವಳ ಹೆಸರಿನಲ್ಲಿ.

"ಅಕ್ಕಾ, ಯಾಕ ನಿಂತ್ರಿ?" ಹಿಂದಿನಿಂದ ಸಂಪದಾ ನರಳಿದಳು.

"ರಾಮಲಿಂಗಣ್ಣಾ," ಯಾಸ್ಮೀನ ಅಂದಳು, "ರಾತ್ರಿ ನಾ ಬಂದಿಲ್ಲರಿ. ಮೊನ್ನಿನೂ ನಾ ಅಲ್ಲ. ನನ್ನ ಗಾಡಿ ಚಾವಿ ಮತ್ತ ಯಾರ ಹತ್ರನೋ ಐತಿ."

ಅರ್ಧ ಎದ್ದಿದ್ದ ಕೋಲು ಅಲ್ಲೇ ನಿಂತಿತು, ಆಮೇಲೆ ಕೆಳಗಿಳಿಯಿತು. ರಾಮಲಿಂಗನ ಮುಖದ ನಗು ಹೋಗಿತ್ತು. ಅವನು ಒಳಗಿದ್ದ ಮತ್ತೊಬ್ಬನನ್ನು ಕೂಗಿದ. "ಹಿಂದಿನ ಬಾಗಲಾ ತಗೀರಿ."

"ಆಕಿಗೆ ನೋವು ಎದ್ದಾವ್ರಿ."

"ಎರಡು ನಿಮಿಷ. ನೀವ ಹೇಳಿದ್ರಲ್ಲ?"

ಬಾಗಿಲು ಸರಿಯಿತು. ಸಂಪದಾ ಸೆರಗನ್ನು ಮೊಣಕಾಲ ಮೇಲೆ ಎಳೆದುಕೊಂಡಳು. "ಹೆಣ್ಣಮಕ್ಕಳು ಕುಂತೇವಿ, ಕಣ್ಣ ಕಾಣ್ಸಾಂಗಿಲ್ಲೇನೋ?" ಎಂದು ಆನಂದೀಬಾಯಿ ಚೀರಿದಳು. ಪೊಲೀಸರಿಬ್ಬರೂ ಮುಖ ತಗ್ಗಿಸಿ ಸೀಟಿನ ಕೆಳಗೆ ಬ್ಯಾಟರಿ ಬಿಟ್ಟರು, ರೆಕ್ಸಿನ್ ಒತ್ತಿದರು, ಕೂಸಿಗೆಂದು ತಂದಿದ್ದ ಬಟ್ಟೆಯ ಗಂಟನ್ನು ಬಿಚ್ಚಿ ನೋಡಿದರು. ಸಂಪದಾ ಮುಂದಿನ ಸೀಟಿನ ಬೆನ್ನನ್ನು ಹಿಡಿದ ಹಿಡಿತ ಯಾಸ್ಮೀನಳ ಭುಜಕ್ಕೆ ತಾಗುತ್ತಿತ್ತು. ಅವಳು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಯಾ ಅಲ್ಲಾ ಯಾ ಅಲ್ಲಾ ಎನ್ನುತ್ತ ಕೂತಳು.

ಏನೂ ಸಿಗಲಿಲ್ಲ. ರಾಮಲಿಂಗ ಬಾಗಿಲು ಎಳೆದು ಮುಂದೆ ಬಂದ. "ದವಾಖಾನಿ ಮುಗಿಸಿ ಸೀದಾ ಸ್ಟೇಶನ್ನಿಗೆ ಬರ್ರಿ. ಇನ್ನ ಮ್ಯಾಲ ಹಗಲಿರಲಿ ರಾತ್ರಿ ಇರಲಿ, ನಿಂದರಿಸಿ ನೋಡೇ ಬಿಡೂದು. ತಪ್ಪು ತಿಳೀಬ್ಯಾಡ್ರಿ."

ಅವಳು ತಲೆಯಾಡಿಸಿದಳು. ಕೋಲು ಎದ್ದಿತು. ರಾಮಲಿಂಗ ಎಂದಿನಂತೆ ಕೈ ಬೀಸಲಿಲ್ಲ. ವ್ಯಾನಿನ ನಂಬರನ್ನೇ ನೋಡುತ್ತ ನಿಂತಿದ್ದ.