ದುರುಗಣ್ಣನ ಉಸಿರು, ಸುಂಕಲಮ್ಮನ ಹೆಸರು

ಹಮಾಲಿ ದುರುಗಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಬಳ್ಳಾರಿಯ ಕೌಲ್ ಬಜಾರಿಗೆಲ್ಲ ಗೊತ್ತಿತ್ತು. ಹತ್ತಿ ಗಿರಣಿಯಲ್ಲಿ ಹತ್ತಿ ತುಂಬಿದ ಅಂಡಿಗೆ ಮೂಟೆ ಹೊತ್ತು ಹೊತ್ತು ನಲವತ್ತಕ್ಕೇ ಅವನ ಸೊಂಟ ಹಿಡಿದುಕೊಂಡಿತ್ತು. ಕೂತರೆ ಏಳಲಾರ, ಎದ್ದರೆ ಕೂರಲಾರ. ಸಿಟ್ಟು ಬರದೆ ಇನ್ನೇನು? ಸ್ವಾತಂತ್ರ್ಯ ಬಂದ ಮರುವರ್ಷ ಅವನನ್ನು ಕೋಟೆ ಬದಿಯ ವಿಠ್ಠಲರಾಯರು ಯೋಗ ಕಲಿಸಲು ಹಿಡಿದು ಕೂರಿಸಿದರು. ಅವರು ಸಾಲೆಯ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು.

"ಮಾಸ್ತರ್ರೇ, ತಲಿ ಕೆಳಗ ಮಾಡಿ ನಿಂದ್ರೋದು ನನ್ನ ಕೈಲಿ ಆಗಂಗಿಲ್ಲ ನೋಡ್ರಿ," ಎಂದ ದುರುಗಣ್ಣ ಮೊದಲೇ.

"ಅದನ್ನ ಸರ್ಕಸ್ಸಿನವರಿಗೆ ಬಿಡೋ. ನಿನ್ನ ಮೈ ಒಂದು ಕಡೆ ಎಳೀತದ, ಮನಸ್ಸು ಇನ್ನೊಂದು ಕಡೆ ಎಳೀತದ. ಎರಡನ್ನೂ ಒಂದ ನೊಗಕ್ಕ ಕಟ್ಟೋದ ಯೋಗ. ಆ ನೊಗ ನಿನ್ನ ಉಸಿರು. ಮೆತ್ತಗ ಎಳಕೋ, ಇನ್ನೂ ಮೆತ್ತಗ ಬಿಡು. ನೋವು ಬಂದಲ್ಲಿ ನಿಲ್ಲಿಸು."

ಅಷ್ಟೇ ವಿದ್ಯೆ. ಗೋಣಿಚೀಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುವುದು, ಉಸಿರಿನ ಜೊತೆ ಕೈ ಎತ್ತಿ ಇಳಿಸುವುದು, ಅಂಗಾತ ಮಲಗಿ ಮಡಚಿದ ಮೊಣಕಾಲನ್ನು ಆಚೀಚೆ ವಾಲಿಸುವುದು, ಕೊನೆಗೆ ಸುಮ್ಮನೆ ಬಿದ್ದುಕೊಳ್ಳುವುದು. ಬೇಸಿಗೆ ಮುಗಿಯುವ ಹೊತ್ತಿಗೆ ಸೊಂಟ ಸಡಿಲಾಯಿತು. ಹಮಾಲರ ಕೆಲಸ ನೋಡಿಕೊಳ್ಳುವ ಗಿರಣಿಯ ಮುಕದ್ದಮನ ಮೇಲೆ ಕೈ ಎತ್ತುವ ಮೊದಲು ಒಂದು ಉಸಿರು ಎಳೆದುಕೊಳ್ಳುವ ಬುದ್ಧಿಯೂ ಬಂತು. ಅದು ಸಣ್ಣ ಮಾತಲ್ಲ.

ಆಗ ಅವನಿಗೆ ಕುರುಗೋಡಿನಲ್ಲಿದ್ದ ಅಕ್ಕ ಹಂಪಮ್ಮನ ಚಿಂತೆ ಹತ್ತಿತು. ತಾಯಿ ಸತ್ತ ಮೇಲೆ ಅವನನ್ನು ಬೈದು, ಬಡಿದು, ಉಣ್ಣಿಸಿ ದೊಡ್ಡವನನ್ನು ಮಾಡಿದವಳು ಅವಳೇ. ಬಾಯಿ ಬಿಟ್ಟರೆ ಓಣಿಯ ನಾಯಿಗಳೂ ಜಾಗ ಖಾಲಿ ಮಾಡುತ್ತಿದ್ದವು! ಹತ್ತಿ ಹಿಂಜುವ ಶೆಡ್ಡಿನಲ್ಲಿ ವರ್ಷಗಟ್ಟಲೆ ಧೂಳು ಕುಡಿದು ಈಗ ಅವಳಿಗೆ ಉಬ್ಬಸ. ಡಾಕ್ಟರರ ಔಷಧಿ ನಡೆದೇ ಇತ್ತು. ಆದರೂ ಮಲಗಿದಲ್ಲೇ ಉಸಿರು ನಿಂತುಬಿಟ್ಟರೆ ಎಂಬ ಹೆದರಿಕೆಗೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಅಕ್ಕ ಕಾಲು ಚಾಚಿ ಮಲಗಿದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬುದೊಂದೇ ದುರುಗಣ್ಣನ ಆಸೆ.

ಒಂದು ಮಂಗಳವಾರ ಬೆಳಿಗ್ಗೆ ಅವಳ ಮನೆಯ ಕಟ್ಟೆಯ ಮೇಲೆ ಕೂತು, "ನೋಡಕ್ಕಾ, ಹಿಂಗ," ಎಂದು ಕಣ್ಣು ಮುಚ್ಚಿದ. ಎದೆ ಏರಿತು, ಕೈ ಮೇಲೆ ಹೋಯಿತು, ಉಸ್ಸೆಂದು ಉಸಿರು ಹೊರಬಂತು. ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಹೊರಟಿದ್ದ ನೆರೆಮನೆಯ ಜಡೆಪ್ಪ ಅದನ್ನು ನೋಡಿದ. ದೇವಿಯ ವಾರವಾದ ಮಂಗಳವಾರ, ಮುಚ್ಚಿದ ಕಣ್ಣು, ಏರಿಳಿಯುವ ಎದೆ!

"ಹಂಪವ್ವಾ, ನಿನ್ನ ತಮ್ಮನ ಮೈಮ್ಯಾಲ ಸುಂಕಲಮ್ಮ ತಾಯಿ ಬಂದಾಳ!" ಎಂದು ಕೂಗಿ ಅಡ್ಡಬಿದ್ದೇಬಿಟ್ಟ. "ಯವ್ವಾ, ನನ್ನ ಎಮ್ಮಿ ಎಲ್ಲೈತಿ ಹೇಳು ತಾಯೀ!"

"ನನಗೇನ್ ಗೊತ್ತಲೇ! ಗುಡ್ಡದ ಹಿಂದ ಹೋಗಿ ನೋಡು," ಎಂದು ದುರುಗಣ್ಣ ರೇಗಿದ.

ಹಾಳಾದ ಎಮ್ಮೆ ಗುಡ್ಡದ ಹಿಂದೆಯೇ ಮೇಯುತ್ತಿರಬೇಕೆ!

ಅಲ್ಲಿಗೆ ಮುಗಿಯಿತು. ಅವನು ಬರುತ್ತಾನೆಂದರೆ ಸಾಕು, ಕಟ್ಟೆಯ ತುಂಬ ನಿಂಬೆಹಣ್ಣು, ತೆಂಗಿನಕಾಯಿ. ಸಿರುಗುಪ್ಪದಿಂದಲೂ ಜನ ಬಸ್ಸು ಹತ್ತಿ ಬಂದರು. ಮಗಳಿಗೆ ಗಂಡು ಸಿಗ್ತದೋ ಇಲ್ಲೋ, ಬೋರಂಗಿ ಹುಳ ಬಿದ್ದ ಬೆಳಿ ಉಳೀತದೋ ಇಲ್ಲೋ! "ನಾ ದೇವರಲ್ಲ ಮಾರಾಯ್ರಾ, ಇದು ಉಸಿರು, ನೀವೂ ಎಳಕೊಳ್ರಿ," ಎಂದು ಬಾಯಿ ಬಡಿದುಕೊಂಡರೆ ಕೈಮುಗಿದು ನಗುತ್ತಿದ್ದರು. ಮಾಸ್ತರರಿಗೆ ಹೇಳಿದರೆ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿಕ್ಕೇನು, ಉಬ್ಬಸ ಅವರ ಅಕ್ಕನಿಗಲ್ಲವಲ್ಲ!

ಹಂಪಮ್ಮ ಮಾತ್ರ ಉಸಿರು ಎಳೆದು ಬಿಡಲು ಕೂರಲೊಲ್ಲಳು. "ತಾಯಿ ನನ್ನ ಮೈಮ್ಯಾಲೂ ಬಂದ್ರ ತಡಕೊಳ್ಳಾಕ ನನಗ ತ್ರಾಣ ಎಲ್ಲೈತಿ?" ಎನ್ನುತ್ತಿದ್ದಳು. ತಮ್ಮನನ್ನು ಬೈಯುವುದನ್ನೂ ಬಿಟ್ಟಳು. ಅವನು ಉಂಡ ತಾಟನ್ನು ಕಣ್ಣಿಗೊತ್ತಿಕೊಂಡು ತೊಳೆಯುವಳು. ದುರುಗಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೊಂದು ದಿನ ಜನ ಸೇರಿ ಲೋಬಾನ ಹಾಕಿದರು. ಹೊಗೆ ಮನೆ ತುಂಬಿತು. ಒಳಗೆ ಹಂಪಮ್ಮ ಕೆಮ್ಮಿ ಕೆಮ್ಮಿ, ಕಣ್ಣು ಮೇಲೆ ಮಾಡಿ, ಗೋಡೆ ಹಿಡಿದುಕೊಂಡಳು. ದುರುಗಣ್ಣನ ಪಿತ್ತ ನೆತ್ತಿಗೇರಿತು. ಲೋಬಾನದ ತಟ್ಟೆಯನ್ನು ಅಂಗಳಕ್ಕೆ ಒದ್ದ. ಮೈ ಗಡಗಡ ನಡುಗುತ್ತಿತ್ತು.

"ಹೊಗಿ ಆರಸ್ರಿ! ಯಾವ ದೇವೀನೂ ಬಂದಿಲ್ಲ ಇಲ್ಲಿ! ಲೇ ಹಂಪೀ, ನಾಳಿಂದ ದಿನಾ ಕುಂದ್ರಬೇಕು ನೀನು! ಮೆತ್ತಗ ಉಸಿರು ಎಳಕೋಬೇಕು, ಇನ್ನೂ ಮೆತ್ತಗ ಬಿಡಬೇಕು! ಇಲ್ಲಾಂದ್ರ ಈ ಹೊಸ್ತಿಲಾ ತುಳಿಯಂಗಿಲ್ಲ ನಾನು!"

ತಾಯಿಯಂಥ ಅಕ್ಕನನ್ನು ಹೆಸರು ಹಿಡಿದು ಕರೆಯುವ ತಮ್ಮ ಎಲ್ಲಾದರೂ ಉಂಟೆ? ಕರೆದವಳು ಸುಂಕಲಮ್ಮನೇ, ಮುನಿದಿದ್ದಾಳೆ ಅಷ್ಟೇ ಎಂದು ಜಡೆಪ್ಪ ತೀರ್ಮಾನ ಕೊಟ್ಟ. ಹಂಪಮ್ಮ ನೆಲಕ್ಕೆ ಹಣೆ ಹಚ್ಚಿದಳು. ಅದಾದ ಮೇಲೆ ಆ ಮನೆಯಲ್ಲಿ ಯಾರೂ ಊದುಬತ್ತಿಯನ್ನೂ ಹಚ್ಚಲಿಲ್ಲ.

ಸಿಟ್ಟು, ನಾಚಿಕೆ ಎರಡೂ ಸೇರಿ ದುರುಗಣ್ಣ ದೀಪಾವಳಿಯವರೆಗೆ ಆ ಕಡೆ ಸುಳಿಯಲಿಲ್ಲ. ಹಬ್ಬಕ್ಕೆ ಹೋದಾಗ ಮಧ್ಯಾಹ್ನ. ಬಾಗಿಲು ತೆರೆದೇ ಇತ್ತು. ಒಳಗೆ ಚಾಪೆಯ ಮೇಲೆ ಅಕ್ಕ ಕಾಲು ಚಾಚಿ ಮಲಗಿದ್ದಳು. ಬಾಯಿ ಕೊಂಚ ತೆರೆದಿತ್ತು, ಹೊಟ್ಟೆ ಸಲೀಸಾಗಿ ಏರಿ ಇಳಿಯುತ್ತಿತ್ತು. ಉಬ್ಬಸ ಪೂರ್ತಿ ಹೋಗಿರಲಿಲ್ಲ, ಔಷಧಿಯೂ ನಿಂತಿರಲಿಲ್ಲ. ಉಸಿರು ಸಿಕ್ಕಿಕೊಂಡಾಗ ಗಾಬರಿಯಾಗದೆ ಅದನ್ನು ನಿಧಾನಕ್ಕೆ ತರುವುದನ್ನು ಮಾತ್ರ ಅವಳು, ತಾಯಿಯ ಅಪ್ಪಣೆಯೆಂದು ದಿನಾ ಕೂತು, ಕಲಿತುಬಿಟ್ಟಿದ್ದಳು. ದುರುಗಣ್ಣ ಹೊಸ್ತಿಲಲ್ಲೇ ಕೂತು ಕಣ್ಣು ಒರೆಸಿಕೊಂಡ.

ಸಪ್ಪಳಕ್ಕೆ ಎದ್ದ ಹಂಪಮ್ಮ ಅವನನ್ನು ಕಂಡವಳೇ ದಡಬಡಿಸಿ ಬಂದು ಪಾದ ಮುಟ್ಟಿದಳು. ಅವನು ಅವಳ ಎರಡೂ ಕೈ ಹಿಡಿದುಕೊಂಡ.

"ಯಕ್ಕಾ, ನಾ ದುರುಗ ಅದೀನಿ. ಅವತ್ತು ಒದರಾಡಿದಾಂವ ನಾನ. ನಿನ್ನ ಹೆಸರು ಹಿಡಿದು ಕರದೀನಿ, ತಪ್ಪಾತು. ಬಯ್ಯೇ ನನ್ನ! ಬಾಯಿಗೆ ಬಂದಂಗ ಬಯ್ಯೇ ಯಕ್ಕಾ, ನಿನ್ನ ಕಾಲು ಬೀಳ್ತೀನಿ!"

ಹಂಪಮ್ಮನ ಮುಖ ಬಿಳುಚಿಕೊಂಡಿತು. ಕೈ ಬಿಡಿಸಿಕೊಂಡು ಎರಡೂ ಗಲ್ಲ ಬಡಿದುಕೊಂಡಳು.

"ನನ್ನಿಂದ ಏನು ತಪ್ಪಾತು ತಾಯೀ?" ಎಂದಳು.